ಟ್ರಸ್ಟಿಗಳಿಗೆ ವಿಮೆ ಬಂದ ದಿನ

ಹೊಸೂರಿನ ಆಲಸನತ್ತಂನಲ್ಲಿ ಕಿವಿ ಕೇಳದ ಮಕ್ಕಳಿಗಾಗಿ ನಾವು ಐವರು ಸಂಬಳವಿಲ್ಲದ ಟ್ರಸ್ಟಿಗಳು ಒಂದು ಚಿಕ್ಕ ಶಾಲೆ ನಡೆಸುತ್ತೇವೆ. ಕಳೆದ ವರ್ಷ ನಮ್ಮ ಹೆಸರಿಗೆ ವಿಮೆ ಮಾಡಿಸಿದೆವು. ಅದರ ಇಂಗ್ಲಿಷ್ ಕಾಗದವನ್ನು ಓದಿ ಹೇಳುವ ಕೆಲಸ, ಕಾನ್ವೆಂಟಿನಲ್ಲಿ ಕಲಿತವಳೆಂದು, ನನ್ನ ಪಾಲಿಗೆ ಬಂತು. ತಳಿ ಎಂಬ ಊರಿನಿಂದ ಬಸ್ಸಿನಲ್ಲಿ ಬರುವ ಹಿರಿಯ ಟ್ರಸ್ಟಿ ಅಕ್ಕ ಬೀನ್ಸ್ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕೇಳುತ್ತಿದ್ದರು.

"ನಮ್ಮ ತೀರ್ಮಾನದಿಂದ ನಷ್ಟ ಆಯ್ತು ಅಂತ ಯಾರಾದ್ರೂ ಕೃಷ್ಣಗಿರಿ ಕೋರ್ಟಿಗೆ ಹೋದ್ರೆ ಲಾಯರ್ ಖರ್ಚು, ಪರಿಹಾರ ಕಂಪನಿ ಕೊಡುತ್ತೆ ಅಕ್ಕ. ಬೇಕಂತ ಮಾಡಿದ ಮೋಸಕ್ಕೆ ಮಾತ್ರ ಇಲ್ಲ. ಇನ್ಮೇಲೆ ನಿಮ್ಮ ಹೊಲಕ್ಕೆ ಭಯ ಇಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕೋರ್ಟಿನಲ್ಲಿ ಸೋತರೆ ಟ್ರಸ್ಟಿಗಳ ಸ್ವಂತ ಆಸ್ತಿಯೇ ಹೋಗಬಹುದೆಂಬ ಭಯ ಇಷ್ಟು ವರ್ಷ ಇತ್ತೆಂದು ಅವರಿಗೆ ನಾವು ಯಾರೂ ಹೇಳಿರಲಿಲ್ಲ. ಅವರಿಗಿರುವುದು ಅದೊಂದೇ ಹೊಲ. ಎದ್ದು ಹೋಗುತ್ತಾರೆಂದುಕೊಂಡೆ.

"ಅದು ನಂಗೊತ್ತಿತ್ತು ಕಣಮ್ಮ," ಎಂದರು. "ಟ್ರಸ್ಟಿ ಆಗೋಕೆ ಮೊದ್ಲು ಸೈನ್ ಹಾಕ್ದಾಗ್ಲೇ ನಮ್ಮೂರ ವಕೀಲ್ರು, ಹೊಲ ಹೋಗ್ಬುಟ್ಟಾತು, ಬ್ಯಾಡ ಅಂದಿದ್ರು. ನೀವು ಓದ್ದೋರು, ಹೆದ್ರಿಕೊಂಡು ಶಾಲೆ ಬುಟ್ಟೋಯ್ತೀರ ಅಂತ ನಾನೇ ಹೇಳ್ಲಿಲ್ಲ."

ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಉಳಿದಿದ್ದ ಬೆರಳುಗಳಿಂದ ಅವರು ವಿಮೆಯ ಕಾಗದಕ್ಕೆ ನಿಧಾನವಾಗಿ ಸಹಿ ಹಾಕಿದರು.