ವಾರಗಿತ್ತಿಯ ಮನೆ ಮುಂದಿನ ಸ್ಟಾಪು

ಶಾಲೆಯ ವ್ಯಾನು ಓಡಿಸುವ ಅವಳನ್ನು ಮಕ್ಕಳೆಲ್ಲ ವ್ಯಾನ್ ಆಂಟಿ ಎನ್ನುತ್ತಿದ್ದರು. ಮೈದುನನ ಮಗಳು ಮಾತ್ರ ದೊಡ್ಡಮ್ಮ ಎನ್ನುತ್ತಿದ್ದಳು. ಇವಳಿಗೆ ಮಕ್ಕಳಿರಲಿಲ್ಲ, ಆ ಹುಡುಗಿ ಬೆಳೆದದ್ದು ಇವಳ ಮಡಿಲಲ್ಲೇ.

ಎರಡು ವರ್ಷದ ಹಿಂದಿನವರೆಗೆ ಎಲ್ಲರೂ ಒಂದೇ ಮನೆಯಲ್ಲಿದ್ದರು. ಗಂಡ, ಮೈದುನ ಸೇರಿ ಮರಗೆಲಸದ ಅಂಗಡಿ ನಡೆಸುತ್ತಿದ್ದರು. ಅಗ್ಗದ ಸಿದ್ಧ ಕುರ್ಚಿ ಮೇಜುಗಳು ಬಂದ ಮೇಲೆ ಗಿರಾಕಿಗಳು ಕಡಿಮೆಯಾದರು.

"ಅಣ್ಣ, ಅಡುಗೆಮನೆ ಕಪಾಟು ಮಾಡೋಣ. ಅದಕ್ಕೆ ಕೇಳೋರಿದ್ದಾರೆ," ಎಂದ ಮೈದುನ.

"ಅಪ್ಪ ನಮಗೆ ಕಲಿಸಿದ್ದು ಕುರ್ಚಿ ಮಾಡೋದು, ಡಬ್ಬ ಹೊಡೆಯೋದಲ್ಲ."

ಮಾತಿಗೆ ಮಾತು ಬೆಳೆಯಿತು. ಮನೆ ಮಾರಿ ಪಾಲು ಮಾಡಿಕೊಂಡರು. ಮೈದುನ ಬೇರೆ ಅಂಗಡಿ ಹಾಕಿದ. ಗಂಡ ತನ್ನ ಪಾಲನ್ನೆಲ್ಲ ಹಳೆಯ ಅಂಗಡಿಗೇ ಸುರಿದ. ವರ್ಷ ತುಂಬುವುದರೊಳಗೆ ಬಾಗಿಲು ಹಾಕಿದ.

ಗ್ಯಾರೇಜಿನ ಮೇಲಿನ ಬಾಡಿಗೆ ಕೋಣೆಯಲ್ಲಿ ಅವನು ಕಿಟಕಿ ಪಕ್ಕ ಕುಳಿತವನು ಕುಳಿತೇ ಇದ್ದ. ಅವಳು ಡ್ರೈವಿಂಗ್ ಕಲಿತಳು. ಲೈಸೆನ್ಸ್ ಬಂದ ದಿನ ಅವನು ಅಂದದ್ದು ಒಂದೇ ಮಾತು: "ಫೋಟೋದಲ್ಲಿ ಒಳ್ಳೆ ಕಳ್ಳಿ ಥರ ಇದ್ದೀಯ." ನಗು ಬರಬೇಕಿತ್ತು. ಬರಲಿಲ್ಲ.

ದಿನಾ ಬೆಳಗ್ಗೆ ವ್ಯಾನು ಮೈದುನನ ಮನೆ ಮುಂದೆ ನಿಲ್ಲುತ್ತಿತ್ತು. ವಾರಗಿತ್ತಿ ಮಗಳನ್ನು ಹತ್ತಿಸಿ, ಇವಳ ಕಣ್ಣು ತಪ್ಪಿಸಿ ವ್ಯಾನಿನ ಚಕ್ರ ನೋಡಿಕೊಂಡೇ ಒಳಗೆ ಹೋಗುತ್ತಿದ್ದಳು. ಹತ್ತು ವರ್ಷ ಒಂದೇ ಒಲೆಯ ಮುಂದೆ ಹೆಗಲಿಗೆ ಹೆಗಲು ತಾಗಿಸಿ ನಿಂತವರು. ಮೊದಮೊದಲು ಎದೆ ಚುರ್ ಎನ್ನುತ್ತಿತ್ತು. ಆಮೇಲೆ ಅದೂ ನಿಂತಿತು. ಹದಿನಾಲ್ಕು ಸ್ಟಾಪುಗಳಲ್ಲಿ ಅದೊಂದು ಸ್ಟಾಪು, ಅಷ್ಟೆ.

ಒಂದು ಮಧ್ಯಾಹ್ನ ಶಾಲೆಯಲ್ಲಿ ಹುಡುಗಿಗೆ ಜ್ವರ ಏರಿತು. ಗರಗಸದ ಸದ್ದಿನಲ್ಲಿ ಅಂಗಡಿಯಲ್ಲಿದ್ದ ಅಪ್ಪ ಅಮ್ಮನಿಗೆ ಫೋನು ಕೇಳಲಿಲ್ಲ. ಇವಳು ಅವರಿಗೊಂದು ಮೆಸೇಜು ಹಾಕಿ, ಮಗುವನ್ನು ತನ್ನ ಕೋಣೆಗೇ ಕರೆತಂದಳು. ಗಂಡ ಎದ್ದ. ಹಾಸಿಗೆ ಹಾಸಿದ, ಬಟ್ಟೆ ಒದ್ದೆ ಮಾಡಿ ಹಣೆಗಿಟ್ಟ. ಯಾರೂ ಹೇಳದೆ ಅವನು ಒಂದು ಕೆಲಸ ಮಾಡಿ ಎಷ್ಟೋ ತಿಂಗಳಾಗಿತ್ತು.

ಸಂಜೆ ಮೈದುನ ಓಡಿ ಬಂದ. ಮೈತುಂಬ ಮರದ ಪುಡಿ.

"ಜ್ವರ ಇಳಿದಿದೆ. ಕೂತ್ಕೋ," ಎಂದ ಗಂಡ, ಮುಖ ನೋಡದೆ.

ಮೈದುನ ಕೂರಲಿಲ್ಲ. "ಅಣ್ಣ, ಒಬ್ಬನ ಕೈಲಿ ಆಗ್ತಿಲ್ಲ. ಬಾ ಅಣ್ಣ."

"ನಿನ್ನ ಕೈ ಕೆಳಗಾ?"

"ಪಕ್ಕದಲ್ಲಿ."

"ಸಂಬಳ ಕೊಡೋನು ಪಕ್ಕದಲ್ಲಿ ಹೇಗೋ ನಿಲ್ತಾನೆ?"

ಗಂಡ ಅವಳ ಕಡೆ ನೋಡಿದ.

"ಹೋಗಿ. ನನ್ನೊಬ್ಬಳ ಕೈಲೂ ಆಗ್ತಿಲ್ಲ," ಎಂದಳು. ದನಿ ಏರಲೂ ಇಲ್ಲ, ನಡುಗಲೂ ಇಲ್ಲ.

ಸೋಮವಾರ ಅವನು ತಮ್ಮನ ಅಂಗಡಿಗೆ ಹೋದ. ಅಂದಿನಿಂದ ದಿನಾ ಹೋಗುತ್ತಾನೆ, ಬಂದು ಉಂಡು ಮಲಗುತ್ತಾನೆ. ವಾರಗಿತ್ತಿ ಈಗ "ನಿಧಾನ, ಅಕ್ಕ" ಎನ್ನುತ್ತಾಳೆ. ಇವಳು ತಲೆಯಾಡಿಸಿ ಗೇರು ಹಾಕುತ್ತಾಳೆ.

ಮೊನ್ನೆ ತವರಿನಿಂದ ಅಮ್ಮ ಫೋನಿನಲ್ಲಿ ಕೇಳಿದಳು: "ಅಂತೂ ಅಣ್ಣ ತಮ್ಮ ಒಂದಾದ್ರು. ಈಗಾದ್ರೂ ಸಮಾಧಾನ ಆಯ್ತೇನೇ?"

ಅವಳು ವ್ಯಾನಿನ ಕೀಲಿಯನ್ನು ಮೊಳೆಗೆ ನೇತುಹಾಕಿದಳು.

"ಆಗಿರಬೇಕಮ್ಮ. ಇನ್ನೂ ಗೊತ್ತಾಗ್ತಿಲ್ಲ."