ಸೇತುವೆ ಇಳಿದಲ್ಲಿ ನಿಂತ ಬೈಕು

ಜಪಾನಿನ ಹಮಾಮತ್ಸುವಿನಲ್ಲಿ ಮನೆ ಮಾಡಿಕೊಂಡು ಯುರೋಪಿನ ಬೈಕು ಕೊಳ್ಳುವುದೆಂದರೆ, ಮೈಸೂರಿನಲ್ಲಿ ಕೂತು ದೆಹಲಿಯಿಂದ ಮೈಸೂರುಪಾಕು ತರಿಸಿಕೊಂಡ ಹಾಗೆ. ಈ ಊರಿನ ಅರ್ಧ ಜನ ಬದುಕುವುದೇ ಬೈಕು ಮಾಡಿ. ನಾನು ಕೆಲಸ ಮಾಡುವುದೂ ಬಿಡಿಭಾಗ ತಯಾರಿಸುವ ಒಂದು ಕಂಪನಿಯಲ್ಲೇ. ಆದರೂ ಆ ಎತ್ತರದ, ಕೊಕ್ಕಿನಂಥ ಮೂತಿಯ, ಕಲ್ಲುಮಣ್ಣಿನ ದಾರಿಗೂ ಸೈ ಎನ್ನುವ ಅಡ್ವೆಂಚರ್ ಬೈಕನ್ನು ಶೋರೂಮಿನ ಗಾಜಿನಾಚೆ ಕಂಡ ದಿನ ನನ್ನ ಬುದ್ಧಿ ಕೈಕೊಟ್ಟಿತು. ಆಫೀಸಿನಲ್ಲಿ ಪಕ್ಕದ ಮೇಜಿನ ಹಿರಿಯರು ವಿಷಯ ಕೇಳಿ, "ಬಣ್ಣ ಚೆನ್ನಾಗಿದೆ" ಎಂದಷ್ಟೇ ಅಂದರು. ಜಪಾನಿನವರು ಬಣ್ಣವನ್ನು ಮಾತ್ರ ಹೊಗಳಿದರೆ ಉಳಿದದ್ದನ್ನು ನಾವೇ ಅರ್ಥಮಾಡಿಕೊಳ್ಳಬೇಕು. ನಾನು ಮಾಡಿಕೊಳ್ಳಲಿಲ್ಲ.

ಅದು ಕೊರೋನಾ ಶುರುವಾದ ವರ್ಷ. ಬೇಸಿಗೆ ರಜೆಗೆ ಮೈಸೂರಿನ ಅಜ್ಜಿ ಮನೆಗೆ ಹೋಗುವುದೆಂದು ನಮ್ಮ ಒಬ್ಬಳೇ ಮಗಳು ತಿಂಗಳುಗಳ ಮುಂಚೆಯೇ ಚೀಲ ತುಂಬಿಟ್ಟಿದ್ದಳು. ವಿಮಾನಗಳು ನಿಂತವು, ಚೀಲ ಮೂಲೆಯಲ್ಲೇ ಉಳಿಯಿತು. ಆಗಷ್ಟೇ ಹತ್ತು ತುಂಬಿದ್ದ ಅವಳು ಅಳಲಿಲ್ಲ. ಚೀಲದಿಂದ ಒಂದೊಂದೇ ಬಟ್ಟೆ ತೆಗೆದು ಮಡಿಸಿಟ್ಟಳು. ಅದನ್ನು ನೋಡಲಾರದೆ ನಾನೊಂದು ಮಾತು ಕೊಟ್ಟುಬಿಟ್ಟೆ. ಇಷಿಕಾವಾದ ಕಡೆ ಚಿರಿಹಾಮಾ ಎಂಬ ಸಮುದ್ರತೀರವಿದೆ, ಅಲ್ಲಿ ಅಲೆಯ ಅಂಚಿನಲ್ಲಿ ಮರಳಿನ ಮೇಲೆಯೇ ಗಾಡಿ ಓಡಿಸಬಹುದು, ಹೊಸ ಬೈಕಿನಲ್ಲಿ ನಿನ್ನನ್ನು ಹಿಂದೆ ಕೂರಿಸಿಕೊಂಡು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ರಾತ್ರಿ ಉಳಿಯಲು ಅದೇ ಕಡೆಯ ನೋಮಿ ಊರಿನಲ್ಲಿ ಸಂಶೋಧನೆ ಮಾಡುತ್ತಿದ್ದ ನನ್ನ ಕಾಲೇಜು ಗೆಳೆಯನ ಮನೆಯಿತ್ತು. ಬೈಕು ಯಾಕೆ ಎಂದು ಕೇಳಿದ ಹೆಂಡತಿಗೆ ಕೊಟ್ಟ ಕಾರಣವೂ ಇದೇ. ಅವಳು ನಂಬಲಿಲ್ಲ. ಮಗಳು ನಂಬಿದಳು.

ಗಾಡಿ ಬಂದ ದಿನ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸಿದೆವು. ಕೆಳಮನೆಯ ಅಜ್ಜಿ ಕಿಟಕಿಯಿಂದ ಎಲ್ಲವನ್ನೂ ನೋಡಿ, ಕೊನೆಗೆ ಆ ನಿಂಬೆಯನ್ನು ಯಾವ ಕಸದ ಜೊತೆ ಹಾಕಬೇಕೆಂದು ಬಹಳ ವಿನಯದಿಂದ ತಿಳಿಸಿದರು. ಮಗಳಿಗೆಂದು ಬಿಳಿ ಹೆಲ್ಮೆಟ್ ತಂದಿದ್ದೆ. ಅದನ್ನು ಹಾಕಿಕೊಂಡೇ ಅವಳು ದೋಸೆ ತಿಂದಳು.

ಮಗಳನ್ನು ಹಿಂದೆ ಕೂರಿಸಿಕೊಂಡು ಮೊದಲ ಸವಾರಿ ಊರಂಚಿನ ಹಮಾನ ಸರೋವರದವರೆಗೆ. ಅಲ್ಲೇ ಸುತ್ತಾಡಿ, ಸೇತುವೆ ದಾಟಿ ಇಳಿಯುತ್ತಿದ್ದಾಗ ಇಂಜಿನ್ ಸುಮ್ಮನಾಯಿತು. ಕೆಮ್ಮಲಿಲ್ಲ, ಕುಲುಕಲಿಲ್ಲ, ಮಾತಿನ ನಡುವೆ ಎದ್ದುಹೋದವರ ಹಾಗೆ ನಿಂತೇಹೋಯಿತು. ಬೆನ್ನಿಗೆ ಅಂಟಿದಂತೆ ಒಂದು ಲಾರಿ ಬರುತ್ತಿತ್ತು. ಇಳಿಜಾರಿದ್ದದ್ದರಿಂದ ಹೇಗೋ ಉರುಳಿಸಿಕೊಂಡು ರಸ್ತೆಯ ಅಂಚಿಗೆ ತಂದೆ. ಲಾರಿಯವನು ಹಾರ್ನ್ ಕೂಡ ಮಾಡದೆ ಬಳಸಿಕೊಂಡು ಹೋದ. ಮೊದಲು ಮಗಳನ್ನು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿದೆ.

ಮಗಳಿಗೆ ಮಾತ್ರ ಅದು ಹಬ್ಬ. ಎದುರಿಗಿದ್ದ ಕೊಂಬಿನಿ ಅಂಗಡಿಯಿಂದ ಅನ್ನದುಂಡೆ, ಐಸ್‌ಕ್ರೀಮು ತಂದು ನೀರಿನ ಪಕ್ಕದ ಕಟ್ಟೆಯ ಮೇಲೆ ಕೂತೆವು. ಸರೋವರದ ನಡುವೆ ಕೆಂಪು ದೇವದ್ವಾರ, ಅದರಾಚೆ ದೋಣಿಯಲ್ಲಿ ಗಾಳ ಹಾಕಿಕೊಂಡು ಕೂತ ಮುದುಕ. ಅವನಿಗೆ ಮೀನು ಸಿಗುವವರೆಗೂ ನಾವು ಇಲ್ಲೇ ಇರೋಣ ಎಂದಳು. ಅನ್ನದುಂಡೆಯ ಮೇಲಿನ ಕಡಲಪಾಚಿಯನ್ನು ಬಿಡಿಸಿ ನನ್ನ ಗಡ್ಡಕ್ಕೆ ಅಂಟಿಸಿದಳು. ನಾನು ಬೈಕನ್ನೇ ದುರುಗುಟ್ಟಿ ನೋಡುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಬಟನ್ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಇಂಜಿನ್ ಶುರುವಾಯಿತು.

"ಅಪ್ಪ, ಇನ್ನೊಂದ್ ಸಲ ಕೆಡ್ಸು," ಎಂದಳು.

"ತಮಾಷೆ ಅಲ್ಲ ಪುಟ್ಟಿ. ಇದು ರಿಪೇರಿ ಆಗೋವರ್ಗೂ ನೀನು ಹತ್ತೋ ಹಾಗಿಲ್ಲ."

"ರೈಶೂ?" ಮುಂದಿನ ವಾರ ಆಗುತ್ತಾ ಎಂದು ಜಪಾನಿಯಲ್ಲಿ ಕೇಳಿದಳು. ಕನ್ನಡ ಎಲ್ಲ ಅರ್ಥವಾದರೂ ಉತ್ತರ ಬರುತ್ತಿದ್ದದ್ದು ಹೆಚ್ಚಾಗಿ ಜಪಾನಿಯಲ್ಲೇ.

"ಮುಂದಿನ ವಾರ ನೋಡೋಣ," ಎಂದೆ.

ಶೋರೂಮಿನವರು ಗಾಡಿ ಇಟ್ಟುಕೊಂಡು, ಪರೀಕ್ಷಿಸಿ, ತೊಳೆದು, ಸೊಂಟ ಬಗ್ಗಿಸಿ ವಂದಿಸಿ ಹಿಂದಿರುಗಿಸಿದರು. ತೊಂದರೆ ಮರುಕಳಿಸಲಿಲ್ಲ ಎಂದರು. ಆ ವಾಕ್ಯದ ಹುಟ್ಟು ಜಾತಕ ನನಗೆ ಗೊತ್ತು. ಗ್ರಾಹಕರು ವಾಪಸು ಕಳಿಸಿದ ಭಾಗಗಳನ್ನು ಪರೀಕ್ಷಿಸುವುದೇ ನನ್ನ ಕೆಲಸ. ಕಾರಣ ಸಿಗದಿದ್ದಾಗ ನಾನೂ ಅದನ್ನೇ ಬರೆಯುತ್ತೇನೆ. ಬೆಂಗಳೂರಿನಲ್ಲಾಗಿದ್ದರೆ ಸರ್ವಿಸ್ ಸೆಂಟರಿನ ಮ್ಯಾನೇಜರ್ ಎದುರು ಕುರ್ಚಿ ಎಳೆದುಕೊಂಡು ಕೂತುಬಿಡುತ್ತಿದ್ದೆ. ಇಲ್ಲಿ ದೂರು ಹೇಳುವ ಮೊದಲೇ ನಾನು ಸುಮಿಮಾಸೆನ್ ಎಂದು ಕ್ಷಮೆ ಕೇಳುವವನಾಗಿದ್ದೆ. ಅವರು ಬಗ್ಗಿದರು, ನಾನೂ ಬಗ್ಗಿದೆ, ಕೆಟ್ಟ ಗಾಡಿ ಮನೆಗೆ ಬಂತು.

ಆಮೇಲೆ ಅದು ರೈಲ್ವೆ ಗೇಟಿನ ಮುಂದೆ ನಿಂತಿತು, ಸುರಂಗದ ಬಾಯಲ್ಲಿ ನಿಂತಿತು, ಒಮ್ಮೆ ಶೋರೂಮಿನ ಬೀದಿಯ ತಿರುವಿನವರೆಗೂ ಬಂದು, ನೋಡುವವರು ಯಾರೂ ಇಲ್ಲದಾಗ ನಿಂತಿತು. ಚೆನ್ನಾಗಿ ಬಿಸಿಯಾದ ಮೇಲಷ್ಟೇ ಅದರ ಆಟ. ಕೊನೆಗೆ ಸೈಡ್ ಸ್ಟ್ಯಾಂಡಿನ ಸ್ವಿಚ್ಚಿನ ಮೇಲೆ ಅನುಮಾನ ಬಂತು. ಸ್ಟ್ಯಾಂಡ್ ಇಳಿಸಿಯೇ ಓಡಿಸಬಾರದೆಂದು ಇಂಜಿನ್ ನಿಲ್ಲಿಸುವ ಸ್ವಿಚ್ಚು ಅದು. ಬಿಸಿಗೆ ಕೆಟ್ಟು, ಸ್ಟ್ಯಾಂಡ್ ಎತ್ತಿದ್ದರೂ ಇಳಿದಿದೆ ಎಂದುಕೊಳ್ಳುತ್ತಿತ್ತು. ಹೊಸದು ಯುರೋಪಿನಿಂದ ಬರಬೇಕು. ಅಲ್ಲಿ ಕಾರ್ಖಾನೆ ಮುಚ್ಚಿತ್ತು, ಆಮೇಲೆ ಹಡಗು ಸಿಗಲಿಲ್ಲ.

"ಕಾರಲ್ಲಿ ಹೋಗ್ಬರೋಣ ಬಿಡಿ, ಮಗು ಕೇಳಿದ್ದು ಸಮುದ್ರ ತಾನೇ?" ಎಂದಳು ಹೆಂಡತಿ.

ನಾನು ಒಪ್ಪಲಿಲ್ಲ. ಬೇರೆ ಪ್ರಾಂತ್ಯದ ನಂಬರ್ ಪ್ಲೇಟ್ ಕಂಡರೆ ಸೋಂಕು ತಂದರೆಂದು ಜನ ಮುಖ ಸಿಂಡರಿಸುತ್ತಾರೆ ಎಂದು ನೆಪ ಹೇಳಿದೆ. ಅದು ಸುಳ್ಳೇನಲ್ಲ, ಆ ದಿನಗಳಲ್ಲಿ ಹಾಗೂ ಇತ್ತು. ಆದರೆ ನಿಜ ಸಂಗತಿಯೆಂದರೆ, ಕಾರಿನಲ್ಲಿ ಹೋದರೆ ನಾನು ಬೈಕಿಗೆ ಸೋತ ಹಾಗೆ. ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ವೈರು ಎಳೆದು ನೋಡುತ್ತಿದ್ದರೆ ಮಗಳು ಹೆಲ್ಮೆಟ್ ಹಾಕಿಕೊಂಡು ಕೆಳಗಿಳಿದು ಬರುತ್ತಿದ್ದಳು.

"ರೈಶೂ?"

"ಮುಂದಿನ ವಾರ ನೋಡೋಣ."

ಕೆಲವು ತಿಂಗಳ ಮೇಲೆ ಹೆಲ್ಮೆಟ್ ಇಲ್ಲದೆ ಬರತೊಡಗಿದಳು. ಆಮೇಲೆ ಬರುವುದನ್ನು ಬಿಟ್ಟಳು. ಯಾವಾಗ ಬಿಟ್ಟಳೆಂದು ನನಗೆ ಗೊತ್ತಿಲ್ಲ. ಆ ಬೈಕಿನ ಒಂದೊಂದು ಸದ್ದಿಗೂ ಕಿವಿಗೊಟ್ಟು ಕೂತವನಿಗೆ ಇದು ಕೇಳಿಸಲಿಲ್ಲ.

ಸ್ವಿಚ್ಚು ಬಂದದ್ದು ಎರಡನೆಯ ಚಳಿಗಾಲ ಮುಗಿಯುವ ಹೊತ್ತಿಗೆ. ಹೆಬ್ಬೆರಳಿನಷ್ಟು ದೊಡ್ಡದು. ಅವರು ಕೊಟ್ಟ ಚಹಾ ಕುಡಿಯುವಷ್ಟರಲ್ಲಿ ಬದಲಾಯಿಸಿಬಿಟ್ಟರು. ಅಂದೇ ಸಂಜೆ ಮಗಳನ್ನು ಕೂರಿಸಿಕೊಂಡು ಹೊರಡಬಹುದಿತ್ತು. ಆದರೆ ನಾನು ಪರೀಕ್ಷೆಯವನು. ದೋಷ ಹೋಯಿತು ಎನ್ನಬೇಕಾದರೆ ಬಿಸಿಲಿನಲ್ಲಿ, ಮಳೆಯಲ್ಲಿ, ಏರಿನಲ್ಲಿ, ಟ್ರಾಫಿಕ್ಕಿನಲ್ಲಿ ಎಲ್ಲ ಕಡೆ ಓಡಿಸಿ ನೋಡಬೇಕು. ಹದಿನೈದು ವರ್ಷದಿಂದ ಅನ್ನ ಕೊಟ್ಟ ವಿದ್ಯೆ ಅದು. ಚೆರಿ ಹೂ ಅರಳಿ ಉದುರುವವರೆಗೂ, ಮಳೆಗಾಲದ ಮೋಡ ಬರುವವರೆಗೂ ಒಬ್ಬನೇ ಬೆಟ್ಟದ ದಾರಿಗಳಲ್ಲಿ ಓಡಿಸಿದೆ. ತೊಂದರೆ ಮರುಕಳಿಸಲಿಲ್ಲ.

ಅಷ್ಟರಲ್ಲಿ ಅವಳು ಜೂನಿಯರ್ ಹೈಸ್ಕೂಲು ಮೆಟ್ಟಿಲು ಹತ್ತಿ, ಬಾಸ್ಕೆಟ್‌ಬಾಲ್ ತಂಡಕ್ಕೆ ಸೇರಿದ್ದಳು. ಒಂದು ಶನಿವಾರ ಬಾಗಿಲ ಬಳಿ ಕೂತು ಶೂ ಲೇಸು ಕಟ್ಟುತ್ತಿದ್ದಳು, ಮುಖಕ್ಕೆ ಮಾಸ್ಕು.

"ಗಾಡಿ ಪೂರ್ತಿ ಸರಿಹೋಯ್ತು ಪುಟ್ಟಿ. ನಾಳೆ ಹೊರಡೋಣ್ವಾ, ಚಿರಿಹಾಮಾಗೆ?"

ಲೇಸು ಕಟ್ಟಿ ಮುಗಿಸಿ ತಲೆಯೆತ್ತಿದಳು. ಒಂದು ಜಪಾನಿ ಪದವೂ ಬೆರೆಸದೆ, ಎಲ್ಲೂ ತಡವರಿಸದೆ, ಅಚ್ಚ ಕನ್ನಡದಲ್ಲಿ ಹೇಳಿದಳು.

"ಮುಂದಿನ ವಾರ ನೋಡೋಣ, ಅಪ್ಪ."

ಚುಚ್ಚಿ ಹೇಳಿದ್ದಲ್ಲ. ನೊಂದುಕೊಳ್ಳಬಾರದೆಂದು ಮೃದುವಾಗಿ, ನಾನು ಹೇಳುತ್ತಿದ್ದ ಹಾಗೆಯೇ ಹೇಳಿದಳು. ಅವಳು ಬೆಳೆದದ್ದು ನಮ್ಮ ಮನೆಯ ಕನ್ನಡ ಕೇಳಿಕೊಂಡು. ಅದರಲ್ಲಿ ಅತಿ ಹೆಚ್ಚು ಸಲ ಕೇಳಿದ ವಾಕ್ಯ ನಾಲಿಗೆಗೆ ಹತ್ತಿತ್ತು. ಪ್ರಾಕ್ಟೀಸಿಗೆ ಹೊತ್ತಾಯಿತೆಂದು ಓಡಿದಳು. ಮತ್ತೆ ಎರಡು ಸಲ ಕೇಳಿದೆ. ಉತ್ತರ ಅದೇ. ಆಮೇಲೆ ಕೇಳುವುದನ್ನು ಬಿಟ್ಟೆ.

ಶರತ್ಕಾಲದಲ್ಲಿ ಒಬ್ಬನೇ ಹೋದೆ. ಅಲೆಗಳ ಪಕ್ಕದಲ್ಲಿ ಗಟ್ಟಿ ಮರಳಿನ ಮೇಲೆ ಗಾಡಿ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ನಿಲ್ಲಿಸಿ ವಿಡಿಯೋ ಕರೆ ಮಾಡಿ ಸಮುದ್ರ ತೋರಿಸಿದೆ. "ಚೆನ್ನಾಗಿದೆ ಅಪ್ಪ," ಎಂದು ಜಪಾನಿಯಲ್ಲಿ ಅಂದಳು. ಹಿಂದೆ ಗೆಳತಿಯರ ನಗು ಕೇಳುತ್ತಿತ್ತು. ಹುಷಾರಾಗಿ ಬಾ ಎಂದು ಫೋನಿಟ್ಟಳು. ನೋಮಿಯ ಗೆಳೆಯ ಊಟಕ್ಕೆ ಕೂರಿಸಿ, "ಮಗಳೆಲ್ಲೋ?" ಎಂದು ಕೇಳಿದ. ಸ್ಕೂಲು ಎಂದೆ.

ಮರುದಿನ ವಾಪಸು ಬರುವಾಗ ಹಮಾನ ಸರೋವರದ ಹೊತ್ತಿಗೆ ಸಂಜೆಯಾಗಿತ್ತು. ಬೆಳಗಿನಿಂದ ಓಡಿ ಇಂಜಿನ್ ಕಾದು ಹೋಗಿತ್ತು. ಸೇತುವೆ ಇಳಿಯುವಾಗ ಬಲಗೈ ತಾನಾಗಿ ವೇಗ ಕಡಿಮೆ ಮಾಡಿತು. ಆ ಕೊಂಬಿನಿ ಅಲ್ಲೇ ಇತ್ತು, ಕಟ್ಟೆ ಖಾಲಿಯಿತ್ತು. ಈಗ ನಿಲ್ಲು ಎಂದು ಬೈಕಿಗೆ ಬಾಯಿಬಿಟ್ಟೇ ಹೇಳಿದೆ. ಅದು ನಿಲ್ಲಲಿಲ್ಲ.