ಗ್ರೀಕಪ್ಪನ ಸ್ಕೇಲು
ಆಸ್ಪತ್ರೆಯ ಕಿಟಕಿಯಲ್ಲಿ ಕೂತು ರಿಪೋರ್ಟ್ ಕೊಡುವ ಗುಮಾಸ್ತನಿಗೆ ಗ್ರೀಕಪ್ಪ ಎಂದು ಹೆಸರಿಟ್ಟವಳು ನರ್ಸಕ್ಕ, ಅದೂ ಬರೀ ಹೊಟ್ಟೆಕಿಚ್ಚಿಗೆ. ಇಪ್ಪತ್ತು ವರ್ಷ ರೋಗಿಗಳು ಏನಿದ್ದರೂ ಅವಳನ್ನೇ ಕೇಳುತ್ತಿದ್ದರು. ಈಗ ಎಲ್ಲರೂ ಆ ಕಿಟಕಿಗೆ ಜೋತುಬೀಳುತ್ತಾರೆ. ಅವನೋ, ಮೊಳದುದ್ದದ ರೋಗದ ಹೆಸರನ್ನೂ ಬಟಾಣಿ ಸುಲಿದ ಹಾಗೆ ಬಿಡಿಸುತ್ತಾನೆ. ಕಿವಿಯ ಮೇಲೆ ಪೆನ್ನು, ಕೈಯಲ್ಲಿ ಸ್ಟೀಲ್ ಸ್ಕೇಲು. ಪದದ ಬಾಲವನ್ನು ಸ್ಕೇಲಿನಿಂದ ಮುಚ್ಚಿ, "ಗ್ಯಾಸ್ಟ್ರೋ ಅಂದ್ರೆ ಹೊಟ್ಟೆ" ಎನ್ನುತ್ತಾನೆ. ಸ್ಕೇಲು ಸರಿಸಿ, "ಐಟಿಸ್ ಅಂದ್ರೆ ಉರಿ. ಹೊಟ್ಟೆ ಉರಿ ಅಂತ ಗ್ರೀಕಲ್ಲಿ ಬರ್ದಿದಾರೆ ಅಜ್ಜಿ, ಅಷ್ಟೇ. ನಮ್ಮ ನರ್ಸಕ್ಕಂಗೂ ಅದೇ ಕಾಯ್ಲೆ." ಸಾಲೆಲ್ಲ ನಗುತ್ತದೆ. "ನಾಲ್ಕು ಪದ ಉರು ಹೊಡ್ದು ದೊಡ್ಡ ಡಾಕ್ಟ್ರಾಗ್ಬಿಟ್ಟ" ಎಂದು ನರ್ಸಕ್ಕ ಬ್ಯಾಂಡೇಜನ್ನು ಬಿಗಿದು ಸುತ್ತುತ್ತಾಳೆ. ಮೊನ್ನೆ ಬಟ್ಟೆ ಹೊಲಿಯುವವಳೊಬ್ಬಳು ರಿಪೋರ್ಟ್ ಹಿಡಿದು, "ಬೇಗ ಬಿಡ್ಸಣ್ಣ, ಅಂಗಡಿ ತೆಗೀಬೇಕು" ಎಂದಳು. "ಸಾರ್ಕೋ ಅಂದ್ರೆ ಮಾಂಸ" ಎಂದ. ಸ್ಕೇಲಿನ ಕೆಳಗೆ ಉಳಿದಿದ್ದು 'ಓಮ', ಅಂದರೆ ಗೆಡ್ಡೆ; ಎರಡೂ ಸೇರಿದರೆ ಕ್ಯಾನ್ಸರ್. ಸ್ಕೇಲು ಸರಿಯಲಿಲ್ಲ. "ಇದನ್ನ ಓದೋಕೆ ನನಗೆ ಬರಲ್ಲಮ್ಮ" ಎಂದವನು ಎದ್ದು ಬಂದು ನರ್ಸಕ್ಕನ ಮುಂದೆ ನಿಂತ. "ಅಕ್ಕ, ಇವರನ್ನ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗಿ. ಕೈ ಹಿಡ್ಕೊಂಡೇ ಹೋಗಿ." ಸಾಲಿನವರೆಲ್ಲ ಕೇಳುವ ಹಾಗೆ 'ಬರಲ್ಲ' ಎಂದನಲ್ಲ ಪುಣ್ಯಾತ್ಮ! ಹೊಲಿಗೆಯವಳ ಕೈ ಹಿಡಿದು ನಡೆಯುತ್ತ ನರ್ಸಕ್ಕ ರಿಪೋರ್ಟಿನ ಮೇಲೆ ಕಣ್ಣಾಡಿಸಿ, ಒಮ್ಮೆ ತಿರುಗಿ ಅವನನ್ನು ನೋಡಿದಳು. ಅಷ್ಟೆಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಳ್ಳೋದನ್ನ ಇವನು ಎಲ್ಲಿ ಕಲಿತ ಎಂದು ಅವಳಿಗೆ ಮತ್ತೆ ಹೊಟ್ಟೆಕಿಚ್ಚಾಯಿತು.